ಒಂದು ತಾಸಿನ ಬಿಸಿಲು

ನಾನು ಚಿಕ್ಕವನಿದ್ದಾಗ, ಒಂದು ಮಧ್ಯಾಹ್ನ ನನ್ನ ಕಣ್ಣೆದುರಿಗೇ ಹೊತ್ತು ನಿಂತುಬಿಟ್ಟಿತ್ತು. ನಿಂತದ್ದಷ್ಟೇ ಅಲ್ಲ, ಒಂದೆರಡು ಗೇಣು ಹಿಂದಕ್ಕೂ ಸರಿದಿತ್ತು. ನಗಬೇಡಿ, ಮೊಮ್ಮಕ್ಕಳೇ. ಮುತ್ಯಾ ಮತ್ತೆ ಬುರುಡೆ ಬಿಡುತ್ತಿದ್ದಾನೆ ಎಂದು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸಲೂ ಬೇಡಿ. ಅದನ್ನು ನೋಡಿದವನು ನಾನೊಬ್ಬನೇ ನಿಜ, ಆದರೆ ಅದರಿಂದ ಏನಾಯಿತು ಎಂಬುದನ್ನು ಮನೆಯವರೆಲ್ಲರೂ ನೋಡಿದರು.

ಆಗ ನನಗೆ ಎಂಟು ವರ್ಷ. ಹೈದರಾಬಾದಿನಲ್ಲಿ ಕಂಪ್ಯೂಟರ್ ಕಂಪನಿಗಳಿಗೆಂದು ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ನಮ್ಮ ಊರು ಗುಲಬರ್ಗಾ ಕಡೆಯದು. ತೊಗರಿಯ ರಾಶಿ ಮುಗಿದ ಮೇಲೆ ಮನೆಗೆ ಬೀಗ ಹಾಕಿ, ಮಳೆಗಾಲದವರೆಗೆ ಹೈದರಾಬಾದಿಗೆ ಕೆಲಸಕ್ಕೆ ಬರುವುದು ನಮ್ಮ ಓಣಿಯ ಅರ್ಧ ಮಂದಿಯ ರೂಢಿಯಾಗಿತ್ತು. ಮೆಹದಿಪಟ್ಟಣಂನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಗಚ್ಚಿಬೌಲಿ ಕಡೆ ಹೋದರೆ, ದೊಡ್ಡ ದೊಡ್ಡ ಬಂಡೆಗಳ ನಡುವೆ ನಮ್ಮ ತಗಡಿನ ಶೆಡ್ಡು. ಅಪ್ಪ ಗೌಂಡಿ, ಗೋಡೆ ಕಟ್ಟುತ್ತಿದ್ದ. ಅವ್ವ ಅವನಿಗೆ ಇಟ್ಟಿಗೆ ಹೊತ್ತು ಕೊಡುತ್ತಿದ್ದಳು. ಬೆಳಿಗ್ಗೆ ಹೋದವರು ಸಂಜೆಯೇ ಕೆಳಗಿಳಿಯುತ್ತಿದ್ದರು.

ಕಟ್ಟಡದ ಕೆಳಗಿನ ಅಂತಸ್ತುಗಳು ಆಗಲೇ ಮುಗಿದಿದ್ದವು. ಅಲ್ಲಿ ಗಾಜು ಕೂರಿಸಿ, ತಣ್ಣನೆಯ ಗಾಳಿ ಹಚ್ಚಿ, ರಟ್ಟಿನ ಡಬ್ಬಿಗಳಲ್ಲಿ ಕಂಪ್ಯೂಟರುಗಳನ್ನು ತಂದು ಇಳಿಸುತ್ತಿದ್ದರು. ಮೇಲಿನ ಅಂತಸ್ತುಗಳಲ್ಲಿ ಇನ್ನೂ ನಮ್ಮವರು ಸಿಮೆಂಟು ಕಲಸುತ್ತಿದ್ದರು. ಎಲ್ಲಕ್ಕಿಂತ ಮೇಲೆ ಒಂದು ಹಳದಿ ಕ್ರೇನು. ಒಂಟಿ ಕಾಲಿನ ಮೇಲೆ ನಿಂತು ಉದ್ದನೆಯ ಕೈ ಚಾಚಿಕೊಂಡಿದ್ದ ಅದನ್ನು ನಾವು ಶೆಡ್ಡಿನ ಮಕ್ಕಳು ಕೊಕ್ಕರೆ ಎಂದು ಕರೆಯುತ್ತಿದ್ದೆವು. ಮೋಡಗಳು ಒಮ್ಮೆ ಆಕಾಶದಲ್ಲಿ, ಇನ್ನೊಮ್ಮೆ ಗಾಜಿನಲ್ಲಿ ತೇಲಿಹೋಗುತ್ತಿದ್ದವು. ಗಾಜಿನೊಳಗಿನ ಮೋಡವೇ ನನಗೆ ಹೆಚ್ಚು ಚೆಂದ ಕಾಣುತ್ತಿತ್ತು, ಯಾಕೆಂದರೆ ಅದು ಕಿಟಕಿಯಿಂದ ಕಿಟಕಿಗೆ ಜಿಗಿಯುವಾಗ ಸ್ವಲ್ಪ ತುಂಡಾಗಿ ಮತ್ತೆ ಕೂಡಿಕೊಳ್ಳುತ್ತಿತ್ತು.

ಆ ವರ್ಷ ಆಯಿ ಕೂಡ ನಮ್ಮ ಜೊತೆ ಬಂದಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಬರುವಾಗ ಅವಳು ತಂದದ್ದು ಎರಡು ಸೀರೆ, ಒಂದು ಕೌದಿ, ಮತ್ತು ಒಂದು ಗಡಿಗೆ ತೊಗರಿ ಬೀಜ. ಅದು ಅಂಗಡಿಯ ಬೀಜವಲ್ಲ. ಅವಳು ಮದುವೆಯಾಗಿ ಬಂದಾಗ ತವರಿನವರು ಉಡಿ ತುಂಬಿದ ಅಕ್ಕಿಯ ಜೊತೆ ಒಂದು ಹಿಡಿ ತೊಗರಿ ಬೀಜವನ್ನೂ ಹಾಕಿದ್ದರಂತೆ. ಅದನ್ನು ಬಿತ್ತಿ, ಬೆಳೆದು, ಪ್ರತಿವರ್ಷ ಒಳ್ಳೆಯ ಕಾಳನ್ನು ಆರಿಸಿ ಹುಳ ಹತ್ತದ ಹಾಗೆ ಬೂದಿ ಬೆರೆಸಿ ಎತ್ತಿಟ್ಟು, ಮತ್ತೆ ಬಿತ್ತಿ, ಅವಳು ಅಷ್ಟು ವರ್ಷ ನಡೆಸಿಕೊಂಡು ಬಂದಿದ್ದಳು. ಕಾಳು ಸಣ್ಣದು, ಕಡುಗೆಂಪು, ಒಂದು ಬದಿಗೆ ಕಾಡಿಗೆ ಹಚ್ಚಿದಂಥ ಕಪ್ಪು. ನಾವೆಲ್ಲ ಅದನ್ನು ತವರ ತೊಗರಿ ಎನ್ನುತ್ತಿದ್ದೆವು. ಅದರ ಬೇಳೆ ಬೆಂದರೆ ವಾಸನೆ ಓಣಿಯ ಕೊನೆಯವರೆಗೆ ಹೋಗುತ್ತಿತ್ತು. ಆಯಿಯ ತವರಿನಲ್ಲಿ ಆ ಹೊತ್ತಿಗೆ ಯಾರೂ ಉಳಿದಿರಲಿಲ್ಲ, ಆ ಬೀಜವೂ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಬೀಗ ಹಾಕಿದ ಮನೆಯಲ್ಲಿ ಅದನ್ನು ಒಂಟಿಯಾಗಿ ಬಿಟ್ಟು ಬರಲು ಅವಳಿಗೆ ಮನಸ್ಸಾಗಲಿಲ್ಲ.

ಕೌದಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಕಟ್ಟಿದ್ದ ಗಡಿಗೆ ದಾರಿಯಲ್ಲೇ ಒಡೆಯಿತು. ಮೆಹದಿಪಟ್ಟಣಂನ ಗದ್ದಲದಲ್ಲಿ ಆಯಿ ಬಸ್ಸಿನ ಪಕ್ಕದಲ್ಲೇ ಕುಳಿತು, ಚೂರುಗಳ ನಡುವಿನಿಂದ ಒಂದೊಂದೇ ಕಾಳು ಆರಿಸಿ ಸೆರಗಿಗೆ ಹಾಕಿಕೊಂಡದ್ದು ನನಗಿನ್ನೂ ನೆನಪಿದೆ. ಬೂದಿಯೆಲ್ಲ ಅಲ್ಲೇ ಹಾರಿಹೋಯಿತು. ಬೀಜವನ್ನು ಗೋಣಿಚೀಲಕ್ಕೆ ತುಂಬಿ ಶೆಡ್ಡಿನ ಮೂಲೆಯಲ್ಲಿ ಇಟ್ಟೆವು. ಮೇ ತಿಂಗಳ ಹೊತ್ತಿಗೆ ಚೀಲಕ್ಕೆ ಕಿವಿಯಿಟ್ಟರೆ ಒಳಗಿನಿಂದ ಸರಸರ ಸದ್ದು ಬರುತ್ತಿತ್ತು. ನುಸಿ ಹತ್ತಿತ್ತು.

ನುಸಿ ಅಂದರೆ ಕಂದು ಬಣ್ಣದ ಪುಟ್ಟ ಹುಳ, ಕಾಳಿಗಿಂತಲೂ ಸಣ್ಣದು. ಆಯಿ ಬೀಜವನ್ನು ಶೆಡ್ಡಿನ ಹಿಂದಿನ ಬಂಡೆಯ ಮೇಲೆ ಬಿಸಿಲಿಗೆ ಹರಡಿದಳು. ಹುಳಗಳು ಸಾಲಾಗಿ ಹೊರಟವು. ಆಯಿ ಅವುಗಳಿಗೆ ದಾರಿ ಬಿಟ್ಟು ಕುಳಿತು, "ಹೋಗ್ರಿ, ನಿಮ್ಮ ಮನಿಗೆ ನೀವು ಹೋಗ್ರಿ" ಎಂದು ನೆಂಟರನ್ನು ಕಳಿಸುವ ಹಾಗೆ ಕೈಯಾಡಿಸಿದಳು. ನಾಲ್ಕು ದಿನ ಕಳೆದ ಮೇಲೆ ಚೀಲ ಬಿಚ್ಚಿದರೆ ಮತ್ತೆ ಅಷ್ಟೇ ಹುಳ. ಹೋದ ಪುಟ್ಟ, ಬಂದ ಪುಟ್ಟ. ಮೂರು ಸಲ ಹೀಗೆ ಆಯಿತು. ಪ್ರತಿ ಸಲವೂ ತೂತು ಬಿದ್ದ ಕಾಳುಗಳ ಗುಡ್ಡೆ ದೊಡ್ಡದಾಯಿತು, ಒಳ್ಳೆಯ ಕಾಳುಗಳ ಗುಡ್ಡೆ ಚಿಕ್ಕದಾಯಿತು. ಮಳೆಗೆ ಇನ್ನೂ ಒಂದು ತಿಂಗಳಿತ್ತು. ಆಯಿ ಊಟಕ್ಕೆ ಕುಳಿತರೂ ಚೀಲದ ಕಡೆಗೇ ನೋಡುತ್ತಿದ್ದಳು.

ನನ್ನ ಅಕ್ಕನಿಗೆ ಆಗ ಹದಿಮೂರು. ಶೆಡ್ಡಿನ ಮಕ್ಕಳಿಗೆಂದು ಒಬ್ಬ ಟೀಚರು ಬಂದು ಒಂದು ಮರದ ಕೆಳಗೆ ಪಾಠ ಹೇಳುತ್ತಿದ್ದರು. ಅಕ್ಕ ನಮ್ಮ ನುಸಿಯ ಗೋಳನ್ನು ಅವರ ಮುಂದೆ ತೋಡಿಕೊಂಡಳು. ಟೀಚರು ಒಂದು ಕಾಳನ್ನು ಅಂಗೈ ಮೇಲಿಟ್ಟು, ಅದರ ಮೈಮೇಲಿದ್ದ ಬಿಳಿ ಚುಕ್ಕಿ ತೋರಿಸಿದರಂತೆ. ಅದು ತತ್ತಿ. ಅದರಿಂದ ಮರಿ ಹೊರಟು ಕಾಳನ್ನು ಕೊರೆದು ಒಳಗೇ ಬೆಳೆಯುತ್ತದೆ. ಬಿಸಿಲಿಗೆ ಹರಡಿದರೆ ಹೊರಗಿನ ಹುಳ ನಡೆದುಹೋಗುತ್ತದೆ, ಒಳಗಿನದು ಹಾಯಾಗಿ ಕುಳಿತಿರುತ್ತದೆ. ಅದಕ್ಕೇ ಕೆಳಗೆ ಕರಿಯ ಹಾಳೆ ಹಾಸಿ, ಕಾಳನ್ನು ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮುಚ್ಚಿ, ನಾಲ್ಕೂ ಅಂಚು ಭದ್ರ ಮಾಡಬೇಕು. ಒಳಗೆ ಬಂದ ಬಿಸಿಲಿನ ಕಾವು ಹೊರಗೆ ಹೋಗಲಾರದೆ ಕಾಳಿನ ಹೊಟ್ಟೆಯವರೆಗೆ ಇಳಿಯುತ್ತದೆ. ತಿನ್ನುವ ಕಾಳಾದರೆ ಎಷ್ಟು ಹೊತ್ತು ಬಿಟ್ಟರೂ ಚಿಂತೆಯಿಲ್ಲ. ಬಿತ್ತುವ ಬೀಜವಾದರೆ ಮಾತ್ರ ಒಂದೇ ತಾಸು, ಹೆಚ್ಚಾದರೆ ಹುಳದ ಜೊತೆ ಬೀಜದ ಜೀವವೂ ಹೋಗುತ್ತದೆ.

ಕೇಳಿದ ಆಯಿ ಎರಡೂ ಕಿವಿ ಮುಚ್ಚಿಕೊಂಡಳು. "ಜೀವ ಇದ್ದದ್ದರ ಮಾರಿ ಮುಚ್ಚತೀರೇನು? ಬೀಜಕ್ಕ ಉಸಿರು ಬ್ಯಾಡೇನು?" ಎಂದಳು. ಎರಡು ದಿನ ಅಕ್ಕನ ಜೊತೆ ಮಾತೇ ಆಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಚೀಲದ ಮೇಲೆ ಕೈಯಿಟ್ಟು ಬಹಳ ಹೊತ್ತು ಕುಳಿತಿದ್ದಳು. ಆಮೇಲೆ ಅವಳೇ ಚೀಲವನ್ನು ಅಕ್ಕನ ಮುಂದೆ ನೂಕಿ, "ಒಂದs ತಾಸು. ಅದರ ಮ್ಯಾಲ ಒಂದು ಚಣ ಸುದ್ದಾ ಇಲ್ಲ" ಎಂದಳು.

ಕರಿಯ ಹಾಳೆಯ ತುಂಡನ್ನು ಅಪ್ಪ ಕೆಲಸದ ಜಾಗದಿಂದ ತಂದುಕೊಟ್ಟಿದ್ದ, ಕಾಂಕ್ರೀಟಿನ ಕೆಳಗೆ ಹಾಸುವಂಥದ್ದು. ಮೇಲಿನ ಹಾಳೆ ಕಂಪ್ಯೂಟರಿನ ಡಬ್ಬಿಗಳಿಗೆ ಸುತ್ತಿ ಬಂದದ್ದು, ಬಿಸಾಡಿದ್ದನ್ನು ನಾನೇ ಆಯ್ದು ತಂದಿದ್ದೆ. ಅದಕ್ಕೊಂದು ಹೊಸ ವಾಸನೆಯಿತ್ತು. ಮೂಗಿಗೆ ಹಿಡಿದರೆ, ನಾನು ಎಂದೂ ಕಾಲಿಡದ ಆ ತಣ್ಣನೆಯ ಕೋಣೆಗಳೊಳಗೆ ಹೋಗಿಬಂದ ಹಾಗೆ ಅನಿಸುತ್ತಿತ್ತು.

ಬಂಡೆಯ ಮೇಲೆ ಎಲ್ಲವನ್ನೂ ಹರಡಿ, ಅಂಚಿಗೆ ಮರಳು ಸುರಿದು ಇಟ್ಟಿಗೆ ಇಡುವಷ್ಟರಲ್ಲಿ ನಡುಮಧ್ಯಾಹ್ನ. ನಮ್ಮಲ್ಲಿದ್ದದ್ದು ಅಪ್ಪನ ಕೈಗಡಿಯಾರ ಒಂದೇ, ಅದು ಅಪ್ಪನ ಜೊತೆ ಏಳನೆಯ ಅಂತಸ್ತಿನಲ್ಲಿತ್ತು. ಆದರೆ ನಮಗೆ ಅದರ ಚಿಂತೆಯೇ ಇರಲಿಲ್ಲ. ಊರಿನಲ್ಲಿ ಆಯಿ ಬೇವಿನ ಮರದ ನೆರಳು ನೋಡಿಯೇ ಹೊತ್ತು ಹೇಳುತ್ತಿದ್ದಳು. ನೆರಳು ಕಟ್ಟೆಗೆ ಬಂದರೆ ಊಟ, ದನದ ಗೋದಲಿಗೆ ಬಂದರೆ ನೀರಿಗೆ ಹೋಗುವ ಹೊತ್ತು. ಈ ಬಂಡೆಯ ಹತ್ತಿರ ಮರ ಇರಲಿಲ್ಲ. ಇದ್ದದ್ದು ಆಗಷ್ಟೇ ಕೆಲಸ ನಿಲ್ಲಿಸಿದ್ದ ಕೊಕ್ಕರೆಯ ಉದ್ದನೆಯ ಕೈಯ ನೆರಳು, ಬಂಡೆಯ ಮೇಲೆ ಗೆರೆ ಎಳೆದ ಹಾಗೆ ಬಿದ್ದಿತ್ತು. ಆಯಿ ಅದನ್ನು ನೋಡಿದಳು, ಸೂರ್ಯನನ್ನು ನೋಡಿದಳು, ಹೆಜ್ಜೆ ಹಾಕಿ ಅಳೆದಳು. ಬಂಡೆಯಲ್ಲಿ ಒಂದು ಬಿರುಕಿತ್ತು. ನೆರಳು ಆ ಬಿರುಕನ್ನು ಮುಟ್ಟಿದರೆ ಒಂದು ತಾಸು ಎಂದು ಗೊತ್ತುಮಾಡಿದಳು.

ಅಕ್ಕ ಕೊಡಗಳನ್ನು ಎತ್ತಿಕೊಂಡು ನೀರಿನ ಟ್ಯಾಂಕರಿನ ಸಾಲಿಗೆ ಹೊರಟಳು. "ತಮ್ಮಾ, ನೆಳ್ಳ ಬಿರಕಿಗೆ ಬಂದ ಕೂಡ್ಲೆ ಹಾಳಿ ತಗಿ, ಆಯಿನ್ನ ಕರಿ. ನೆಳ್ಳ ಬಿಟ್ಟು ಎಲ್ಲೂ ನೋಡಬ್ಯಾಡ" ಎಂದಳು. ಬೀಜದ ಮುಖ ಮುಚ್ಚಿದ್ದನ್ನು ನೋಡಲಾಗದೆ ಆಯಿ ಶೆಡ್ಡಿನೊಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ನಾನೊಬ್ಬನೇ ಉಳಿದೆ. ಆಯಿಯ ಇಡೀ ತವರುಮನೆ ನನ್ನ ಸುಪರ್ದಿಗೆ ಬಂದಿತ್ತು. ತಲೆಗೆ ಅವ್ವನ ಹಳೆಯ ಸೀರೆಯ ತುಂಡು ಸುತ್ತಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವನ ಹಾಗೆ ಕುಳಿತೆ.

ಆ ಮಧ್ಯಾಹ್ನವನ್ನು ನಿಮಗೆ ಹೇಗೆ ಹೇಳಲಿ! ಬಂಡೆಯಿಂದ ಏಳುವ ಝಳಕ್ಕೆ ಎದುರಿನದೆಲ್ಲ ನೀರಿನೊಳಗೆ ಇದ್ದಂತೆ ಅಲುಗುತ್ತಿತ್ತು. ಸುಟ್ಟ ಕಲ್ಲಿನ ವಾಸನೆ, ಹಸಿ ಸಿಮೆಂಟಿನ ವಾಸನೆ. ಊಟದ ಹೊತ್ತೆಂದು ಯಂತ್ರಗಳೆಲ್ಲ ನಿಂತವು. ಮೇ ತಿಂಗಳ ಆ ಉರಿಯಲ್ಲಿ ಅವು ಮತ್ತೆ ಶುರುವಾಗುತ್ತಿದ್ದದ್ದು ಬಿಸಿಲು ಇಳಿದ ಮೇಲೆಯೇ. ಕ್ರೇನು ನಡೆಸುವವನು ಮೇಲಿನ ಗೂಡಿನಿಂದ ಹೊರಟು ಏಣಿಯಲ್ಲಿ ಇರುವೆಯಷ್ಟು ಸಣ್ಣದಾಗಿ ಇಳಿಯುತ್ತಾ ಬಂದ. ಆಮೇಲೆ ಸದ್ದೇ ಇಲ್ಲ. ಎಲ್ಲೋ ದೂರದಲ್ಲಿ ಯಾರೋ ತೆಲುಗಿನಲ್ಲಿ ಮಗುವಿಗೆ ಜೋಗುಳ ಹಾಡುತ್ತಿದ್ದದ್ದು ಮಾತ್ರ ಕೇಳುತ್ತಿತ್ತು. ಹಾಳೆಯ ಕೆಳಗೆ ನುಸಿಗಳು ಅಂಚಿನಿಂದ ಅಂಚಿಗೆ ಓಡಾಡಿದವು. ದಾರಿ ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ ನಿಧಾನವಾದವು, ಆಮೇಲೆ ನಿಂತವು. ನನಗೆ ಪಾಪ ಅನಿಸಿತು, ಸಂತೋಷವೂ ಆಯಿತು. ಎರಡೂ ಒಟ್ಟಿಗೆ ಆಗಬಹುದು ಎಂದು ಅವತ್ತೇ ನನಗೆ ಗೊತ್ತಾದದ್ದು.

ನೆರಳು ಬಿರುಕಿನ ಕಡೆಗೆ ಬರುತ್ತಿತ್ತು. ಒಂದು ಮಾರು ಉಳಿಯಿತು, ಎರಡು ಗೇಣು ಉಳಿಯಿತು. ನಾನು ಎದ್ದು ಇಟ್ಟಿಗೆಯ ಮೇಲೆ ಕೈಯಿಟ್ಟು ಸಿದ್ಧನಾದೆ. ಆಗ ಗಾಳಿ ಬಂತು. ಮೈಗೆ ಹಿತವಾಯಿತು. ನೋಡಿದರೆ ನೆರಳು ನಿಂತಿತ್ತು. ಕಣ್ಣುಜ್ಜಿಕೊಂಡು ನೋಡಿದೆ. ನಿಂತೇ ಇತ್ತು. ಬಿರುಕಿಗೆ ಒಂದು ಗೇಣು ಬಾಕಿ. ಇನ್ನೂ ನೋಡುತ್ತಿದ್ದಂತೆ ಅದು ಮೆಲ್ಲಗೆ, ಬಹಳ ಮೆಲ್ಲಗೆ, ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟಿತು.

ನನಗೆ ಹೆದರಿಕೆಯಾಗಲಿಲ್ಲ. ಅಷ್ಟು ದೊಡ್ಡ ಬಿಸಿಲಿನಲ್ಲಿ, ಅಷ್ಟು ಮೌನದಲ್ಲಿ, ಹೊತ್ತು ಹಿಂದಕ್ಕೆ ಹೋಗುವುದು ನಂಬಲಾಗದ ಸಂಗತಿ ಎಂದು ಅನಿಸಲೇ ಇಲ್ಲ. ನೆರಳು ಹಿಂದೆ ಹೋದರೆ ತಾಸೂ ಹಿಂದೆ ಹೋಯಿತು, ಅಂದರೆ ಬೀಜಕ್ಕೆ ಇನ್ನೂ ತಾಸು ತುಂಬಿಲ್ಲ ಎಂದು ಲೆಕ್ಕ ಹಾಕಿದೆ. ಎಂಟು ವರ್ಷದವನಿಗೆ ಅದು ಸರಿಯಾದ ಲೆಕ್ಕವೇ. ಮತ್ತೆ ಕುಳಿತೆ. ನೆರಳು ಮುಂದೆ ಬಂತು, ಮತ್ತೆ ಹೋಯಿತು. ಉಯ್ಯಾಲೆಯ ಹಾಗೆ ಅದು ತೂಗುತ್ತಿದ್ದರೆ ನಾನು ಅದರ ಜೊತೆ ತೂಗುತ್ತಿದ್ದೆ. ಹೊತ್ತು ಇನ್ನೂ ಹಿಂದಕ್ಕೆ ಹೋದರೆ ಗಡಿಗೆ ಒಡೆಯುವ ಮೊದಲಿನ ದಿನಕ್ಕೆ ಹೋಗುತ್ತೇವೆ, ಇನ್ನೂ ಹೋದರೆ ಆಯಿ ಉಡಿಯಲ್ಲಿ ಬೀಜ ಕಟ್ಟಿಕೊಂಡು ಬರುವ ಮದುಮಗಳಾಗುತ್ತಾಳೆ ಎಂದೆಲ್ಲ ಯೋಚಿಸುತ್ತಾ ಕುಳಿತಿದ್ದೆ. ಅಷ್ಟರಲ್ಲಿ ಎದುರಿನ ಗಾಜಿನ ಗೋಡೆ ಹೊತ್ತಿಕೊಂಡಂತೆ ಬೆಳಗಿತು. ಪಶ್ಚಿಮಕ್ಕೆ ಇಳಿದಿದ್ದ ಬಿಸಿಲು ಗಾಜಿಗೆ ಬಡಿದು ತಿರುಗಿ ನಮ್ಮ ಬಂಡೆಯ ಮೇಲೆ ಬಿತ್ತು. ಈಗ ಬೀಜದ ಮೇಲೆ ಇಬ್ಬರು ಸೂರ್ಯರು. ಆ ಬೆಳಕಿನ ಚೆಂದಕ್ಕೆ ಬಾಯಿ ಬಿಟ್ಟುಕೊಂಡು ನೋಡಿದೆನೇ ಹೊರತು ನನಗೆ ಬೇರೇನೂ ಹೊಳೆಯಲಿಲ್ಲ.

ಅಕ್ಕ ಕೊಡ ಹೊತ್ತುಕೊಂಡು ಬಂದಾಗ ಟ್ಯಾಂಕರು ತಡವಾದ ಸಿಟ್ಟಿನಲ್ಲಿದ್ದಳು, ಸಾಲಿನಲ್ಲಿ ಯಾರದೋ ಗಡಿಯಾರ ನೋಡಿ ಬಂದಿದ್ದಳು. ಬಂಡೆಯ ಕಡೆ ನೋಡಿದವಳೇ ಕೊಡ ಕೆಳಗೆ ಬಿಟ್ಟಳು. ನೀರು ಬಂಡೆಯ ಮೇಲೆ ಚುರ್ರೆಂದು ಆರಿಹೋಯಿತು. "ಮೂರು ತಾಸಾತು! ಮೂರು ತಾಸಾತಲ್ಲೋ!" ಎಂದು ಕೂಗಿದಳು. ಇಬ್ಬರೂ ಹಾಳೆ ಕಿತ್ತೆವು. ಒಳಗಿನಿಂದ ಬಂದ ಕಾವು ಮುಖಕ್ಕೆ ಹೊಡೆಯಿತು. ಕಾಳು ಮುಟ್ಟಿದರೆ ಬೆರಳು ಸುಡುತ್ತಿತ್ತು. ನುಸಿ ಒಂದೂ ಉಳಿದಿರಲಿಲ್ಲ. ನಿದ್ದೆ ಹತ್ತಿದ್ದ ಆಯಿ ಕೂಗು ಕೇಳಿ ಎದ್ದು ಬಂದಳು. ಒಂದು ಹಿಡಿ ಕಾಳನ್ನು ತೆಗೆದುಕೊಂಡು ಸುಡುತ್ತಿದ್ದರೂ ಮುಷ್ಟಿ ಬಿಚ್ಚದೆ ನಿಂತಳು.

"ನೆಳ್ಳ ನಿಂತಿತ್ತು ಆಯಿ. ಹಿಂದಕ್ಕ ಹೋತು" ಎಂದೆ. ಅಕ್ಕ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ನಿದ್ದಿ ಮಾಡಿ ಕನಸು ಕಂಡಾನ" ಎಂದು ಅತ್ತಳು. ನಾನು ನಿದ್ದೆ ಮಾಡಿರಲಿಲ್ಲ. ಯಾರೂ ನಂಬಲಿಲ್ಲ. ಅದರ ನೋವು ಗುದ್ದಿಗಿಂತ ಹೆಚ್ಚಾಗಿತ್ತು.

ಸಂಜೆ ಅಪ್ಪ ಬಂದು ಎಲ್ಲವನ್ನೂ ಕೇಳಿ, ತಲೆಯೆತ್ತಿ ಕ್ರೇನಿನ ಕಡೆ ನೋಡಿದ. "ಅವ ಸುಳ್ಳು ಹೇಳಾಕತ್ತಿಲ್ಲ ಯವ್ವಾ" ಎಂದು ಆಯಿಗೆ ಹೇಳಿದ. "ಕ್ರೇನಿನವ ಕೆಳಗ ಇಳಿವಾಗ ಅದರ ಕೈಗೆ ಬ್ರೇಕ್ ಹಾಕಂಗಿಲ್ಲ, ಸಡಲ ಬಿಟ್ಟಿರತಾನ. ಇಲ್ಲಂದ್ರ ಗಾಳಿಗೆ ಬೀಳತೈತಿ. ಗಾಳಿ ಯಾಕಡೆ ದೂಡತೈತೋ ಆ ಕಡೆ ಅದು ತಿರಗತೈತಿ." ಶೆಡ್ಡಿನ ಮುಂದೆ ಎಲ್ಲರೂ ಕೊಕ್ಕರೆಯ ಕಡೆ ತಿರುಗಿ ನೋಡಿದೆವು. ದಿನಾ ಅದರ ಕೆಳಗೇ ಓಡಾಡುವವರು ನಾವು. ಅದು ತಿರುಗುವುದನ್ನು ಸಾವಿರ ಸಲ ನೋಡಿದವರು. ಆದರೂ ನೆರಳು ಕಂಡ ಕೂಡಲೇ ಅದು ನಮ್ಮೂರ ಬೇವಿನ ಮರವೆಂದೇ ನಂಬಿಬಿಟ್ಟಿದ್ದೆವು. ಆಯಿ ನನ್ನನ್ನು ಹತ್ತಿರ ಕರೆದು ತಲೆ ಸವರಿ, "ಬಿರುಕು ತೋರಿಸಿದಾಕಿ ನಾನs ಅಲ್ಲೇನು ಕೂಸ" ಎಂದಳು.

ಅವಳು ಹತ್ತು ಕಾಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾಲ್ಕು ದಿನ ಅವಳ ಸೀರೆ ಸೊಂಟದ ಹತ್ತಿರ ತೇವವಾಗಿಯೇ ಇತ್ತು. ನಾನು ಅವಳ ಹಿಂದೆಯೇ ಸುತ್ತಿದೆ. ಐದನೆಯ ದಿನ ಬೆಳಿಗ್ಗೆ ಬಂಡೆಯ ಮೇಲೆ ಕುಳಿತು ಗಂಟು ಬಿಚ್ಚಿದಳು. ಏಳು ಕಾಳು ನೆನೆದು ಉಬ್ಬಿ ಸುಮ್ಮನೆ ಬಿದ್ದಿದ್ದವು. ಮೂರರಲ್ಲಿ ಬಿಳಿಯ ಮೊಳಕೆ ಇಣುಕಿತ್ತು. ಅಕ್ಕ ಮುಖ ಮುಚ್ಚಿಕೊಂಡಳು. ಆಯಿ ಆ ಮೂರನ್ನು ಅಂಗೈಗೆ ಎತ್ತಿಕೊಂಡು, "ಸತ್ತಿಲ್ಲಲ್ಲ" ಎಂದಳು.

ಮಿರಗದ ಮಳೆ, ಅಂದರೆ ಬಿತ್ತನೆಗೆ ಕಾಯುವ ಮೃಗಶಿರೆಯ ಮಳೆ, ಬಿದ್ದ ಸುದ್ದಿ ಬಂದ ಮೇಲೆ ಊರಿಗೆ ಹೋದೆವು. ಬೇರೆ ವರ್ಷಗಳಲ್ಲಿ ಅಪ್ಪ ಎತ್ತು ಹೂಡಿ ಕೂರಿಗೆಯಿಂದ ಅರ್ಧ ದಿನದಲ್ಲಿ ಬಿತ್ತಿ ಮುಗಿಸುತ್ತಿದ್ದ. ಆ ವರ್ಷ ಹತ್ತರಲ್ಲಿ ಏಳು ಮೊಳೆಯದ ಬೀಜವನ್ನು ಕೂರಿಗೆಗೆ ಹಾಕಿದರೆ ಹೊಲವೆಲ್ಲ ಬೋಳು. ಹಾಗಾಗಿ ಆಯಿ ಹೊಲದ ಒಂದು ಮೂಲೆಯನ್ನಷ್ಟೇ ಆರಿಸಿಕೊಂಡು ಕೈಯಿಂದಲೇ ಊರಿದಳು. ಬಾಗಿ ಮಣ್ಣಿನಲ್ಲಿ ಸಣ್ಣ ಕುಣಿ ತೋಡುವುದು, ಒಂದು ಬೀಜದ ಜಾಗಕ್ಕೆ ಮೂರು ಹಾಕುವುದು, ಏಳುವುದು, ಒಂದು ಹೆಜ್ಜೆ ಮುಂದೆ ಹೋಗಿ ಮತ್ತೆ ಬಾಗುವುದು. ನಾನು ಹಿಂದಿನಿಂದ ಕಾಲಿನಲ್ಲಿ ಮಣ್ಣು ಮುಚ್ಚುತ್ತಾ ಹೋದೆ. ಹಸಿ ಕರಿಮಣ್ಣು ಅಂಗಾಲಿಗೆ ತಣ್ಣಗೆ ಅಂಟುತ್ತಿತ್ತು. ನಾಲ್ಕು ದಿನ ಹೀಗೇ ನಡೆಯಿತು. ರಾತ್ರಿ ಅವ್ವ ಅವಳ ಸೊಂಟಕ್ಕೆ ಎಣ್ಣೆ ತಿಕ್ಕುವಾಗ ಅವಳು ಹಲ್ಲು ಕಚ್ಚಿಕೊಳ್ಳುತ್ತಿದ್ದಳು.

ಬೆಳೆ ಬಂತು. ಕೆಲವು ಕುಣಿಯಲ್ಲಿ ಒಂದು ಗಿಡ, ಕೆಲವಲ್ಲಿ ಎರಡು, ಎಷ್ಟೋ ಕುಣಿ ಖಾಲಿ. ಆ ವರ್ಷ ನಮ್ಮ ಮನೆಯಲ್ಲಿ ತವರ ತೊಗರಿಯ ಬೇಳೆ ಬೇಯಲಿಲ್ಲ, ಬಂದದ್ದೆಲ್ಲ ಬೀಜಕ್ಕೇ ಹೋಯಿತು. ಬೀಜ ಉಳಿಯಿತು. ಮುಂದಿನ ಬೇಸಿಗೆಯಲ್ಲಿ ಆಯಿ ತಾನೇ ಆ ಹಾಳೆಯನ್ನು ಕೇಳಿ ತೆಗೆಸಿ, ಅಪ್ಪನ ಗಡಿಯಾರವನ್ನು ಅಕ್ಕನ ಕೈಗೆ ಕಟ್ಟಿಸಿ, ಸರಿಯಾಗಿ ಒಂದು ತಾಸು ಬಿಸಿಲು ಕೊಡಿಸಿದಳು. ಆ ಚೀಲಕ್ಕೆ ಮತ್ತೆ ನುಸಿ ಹತ್ತಲಿಲ್ಲ.

ಈಗ ಆ ಬಂಡೆ ಇಲ್ಲ. ಒಡೆದು ಅಲ್ಲೂ ಒಂದು ಕಟ್ಟಡ ಎದ್ದಿದೆ. ಅಂಥದೇ ಒಂದು ಕಟ್ಟಡದ ಎತ್ತರದಲ್ಲಿ, ಗಾಜಿನ ಈಚೆ, ತಣ್ಣಗೆ ಕುಳಿತು ನೀವು ಈ ಕಥೆ ಕೇಳುತ್ತಿದ್ದೀರಿ. ನಿಮ್ಮ ಬೇಳೆ ಮುಚ್ಚಿದ ಪೊಟ್ಟಣದಲ್ಲಿ ಮನೆಬಾಗಿಲಿಗೆ ಬರುತ್ತದೆ. ಒಂದು ಹುಳ ಕಂಡರೆ ಪೊಟ್ಟಣವನ್ನೇ ಬಿಸಾಡಿ ಇನ್ನೊಂದನ್ನು ತರಿಸುತ್ತೀರಿ. ಹೊತ್ತು ತಪ್ಪಿದರೆ ನಿಮ್ಮ ಕೈಯಲ್ಲಿರುವ ಯಂತ್ರ ಕೂಗಿ ಎಬ್ಬಿಸುತ್ತದೆ. ಆಟದಲ್ಲಿ ಸೋತರೆ ಒಂದು ಗುಂಡಿ ಒತ್ತಿ ಮೊದಲಿನಿಂದ ಶುರು ಮಾಡುತ್ತೀರಿ, ನಾನು ಪಕ್ಕದಲ್ಲಿ ಕುಳಿತು ನೋಡುತ್ತೇನೆ. ನನಗೆ ಹೊಟ್ಟೆಕಿಚ್ಚೇನೂ ಇಲ್ಲ, ನೀವು ಸುಖವಾಗಿರುವುದು ನನಗೆ ಬೇಕು.

ನಮ್ಮ ಕಾಲದಲ್ಲಿ ಆ ಗುಂಡಿ ಇರಲಿಲ್ಲ. ನನ್ನ ಎರಡು ತಾಸಿನ ತಪ್ಪನ್ನು ಆಯಿ ನಾಲ್ಕು ದಿನ ಬಾಗಿ ಬಾಗಿ ಮಣ್ಣಿನಲ್ಲಿ ಸರಿಮಾಡಿದಳು. ಅಷ್ಟು ದಿನದಲ್ಲಿ ಒಂದು ಸಲವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆ.